ಎರಡನೆಯ ಸ್ಪಂಜು

"ಗುರುಗಳೇ, ಒಬ್ಬರ ಕೈಗೆ ಕೊಟ್ಟದ್ದನ್ನು ನೋಡಿ ಇನ್ನೊಬ್ಬನಿಗೆ ಹೊಟ್ಟೆ ಉರಿದರೆ ತಪ್ಪು ಯಾರದು? ಉರಿದವನದೋ, ಕೊಟ್ಟವರದೋ?"

ಕೇಳಿದವನು ತಾರಾನಾಥ. ಅಳಸಿಂಗಾಚಾರ್ಯರ ಬಳಿ ಆರು ವರ್ಷದಿಂದ ವೀಣೆ ಕಲಿಯುತ್ತಿದ್ದವನು. ಆ ಆರು ವರ್ಷವೂ ಅವನು ನುಡಿಸಿದ್ದು ಆಚಾರ್ಯರ ಮನೆಯ ಹಳೆಯ ವೀಣೆಯನ್ನು. ಅದರ ಕೊಡ ಬಿರುಕು ಬಿಟ್ಟಿತ್ತು. ನಾಲ್ಕು ತಿಂಗಳ ಹಿಂದೆ ಮನೆಗೆ ಹೊಸ ವೀಣೆಯೊಂದು ಬಂತು. ಅದು ತನಗೇ ಎಂದು ತಾರಾನಾಥ ಅಂದುಕೊಂಡ. ಆಚಾರ್ಯರು ಅವನನ್ನು ಕರೆಯಲಿಲ್ಲ. ಎರಡು ವರ್ಷದ ಹಿಂದೆ ಸೇರಿದ ವಾರಿಜಳನ್ನು ಕರೆದು, ಆರು ತಿಂಗಳು ಇದು ನಿನ್ನ ಕೈಯಲ್ಲಿರಲಿ, ದಿನಾ ಎರಡು ಗಂಟೆ ನುಡಿಸು ಎಂದರು. ಯಾಕೆಂದು ಹೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಚಾರ್ಯರ ಸಿಟ್ಟು ಇಡೀ ಬೀದಿಗೆ ಗೊತ್ತಿತ್ತು.

ವಾರಿಜಳ ಮೀಟು ಗಟ್ಟಿ. ಆ ವೀಣೆ ಬಂದ ಹೊಸದರಲ್ಲಿ ಅದರ ನಾದ ಮುಚ್ಚಿಕೊಂಡ ಹಾಗಿತ್ತು. ಅವಳು ನುಡಿಸುತ್ತಾ ನುಡಿಸುತ್ತಾ ಅದು ಬಿಚ್ಚಿಕೊಳ್ಳತೊಡಗಿತು. ತಾರಾನಾಥ ಪಕ್ಕದ ಕೋಣೆಯಲ್ಲಿ ಆ ಬಿರುಕು ಬಿಟ್ಟ ವೀಣೆ ಹಿಡಿದು ದಿನಾ ಅದನ್ನು ಕೇಳಿಸಿಕೊಂಡ.

ಆ ದಿನ ಬೆಳಿಗ್ಗೆ ವಾರಿಜ ಪಾಠಕ್ಕೆ ಬಂದಾಗ ಹೊಸ ವೀಣೆ ಪಡುವಣ ಕಿಟಕಿಗೆ ಒರಗಿಕೊಂಡಿತ್ತು. ಹಿಂದಿನ ಮಧ್ಯಾಹ್ನದ ಬಿಸಿಲೆಲ್ಲ ಅದರ ಮೇಲೆ ಬಿದ್ದಿತ್ತು. ತಂತಿಯ ಕೆಳಗಿನ ಹಿತ್ತಾಳೆಯ ಮೆಟ್ಟಿಲುಗಳನ್ನು ಹಿಡಿದಿಡುವ ಮೇಣ ಮೆತ್ತಗಾಗಿ ನಾಲ್ಕು ಮೆಟ್ಟಿಲು ಜಾರಿ ಓರೆಯಾಗಿದ್ದವು. ಅದನ್ನು ಅಲ್ಲಿಟ್ಟವರು ಯಾರೆಂದು ಆಚಾರ್ಯರು ಯಾರನ್ನೂ ಕೇಳಲಿಲ್ಲ. ವಾರಿಜ ಅಳುತ್ತಾ ಮನೆಗೆ ಹೋದಳು. ಉಳಿದವರೂ ಹೋದರು. ತಾರಾನಾಥ ಮಾತ್ರ ಕಂಬದ ಬಳಿ ನಿಂತಿದ್ದು ಈ ಪ್ರಶ್ನೆ ಕೇಳಿದ.

ಆಚಾರ್ಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಕೂತ್ಕೋ," ಎಂದರು. "ಕಂಬ ನೀನು ಹಿಡ್ಕೊಳ್ಳದಿದ್ರೂ ನಿಂತಿರುತ್ತೆ."

ತಾರಾನಾಥ ಕುಳಿತ. ಆಚಾರ್ಯರು ಕತೆ ಹೇಳಿದರು.

ಒಂದು ಗಲ್ಲಿಯಲ್ಲಿ ಎದುರುಬದುರು ಎರಡು ಮನೆ. ಒಂದರಲ್ಲಿ ಒಬ್ಬ ದರ್ಜಿ. ಇನ್ನೊಂದರಲ್ಲಿ ಗಡಿಯಾರ ರಿಪೇರಿ ಮಾಡುವವನು. ದರ್ಜಿಗೆ ಹೆಂಡತಿ ಮಕ್ಕಳು, ನೆಂಟರು ಇಷ್ಟರು, ಮನೆ ತುಂಬ ಬಟ್ಟೆಯ ತುಂಡು, ಗಲಾಟೆ. ಗಡಿಯಾರದವನಿಗೆ ತಾಯಿ ಒಬ್ಬಳೇ. ಅವನು ಮದುವೆ ಆಗಿರಲಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡ, ಕತೆಗೆ ಅದು ಬೇಕಾಗಿಲ್ಲ.

ಗಡಿಯಾರದವನು ಕೆಲಸದಲ್ಲಿ ಅಚ್ಚುಕಟ್ಟು. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತನೆಂದರೆ ಸಾಸಿವೆಯಷ್ಟು ಧೂಳೂ ಅವನ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಹಲ್ಲುಚಕ್ರಗಳನ್ನು ಬಿಚ್ಚಿ, ಪುಟ್ಟ ಬ್ರಷ್ಷಿನಿಂದ ಉಜ್ಜಿ, ಫಳಫಳ ಅನ್ನಿಸಿ ಮತ್ತೆ ಜೋಡಿಸುವನು. ಕೊಳೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮನೆಯೂ ಹಾಗೇ ಇಟ್ಟಿದ್ದ. ತಾಯಿಗೆ ಒಂದು ಬೆತ್ತದ ಸ್ಟೂಲು ಮಾಡಿಸಿ ಕಿಟಕಿಯ ಬಳಿ ಹಾಕಿದ್ದ. ಮಂಡಿ ನೋವಿನಿಂದ ಆಕೆಗೆ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ.

ದರ್ಜಿಯ ಮನೆಯಲ್ಲಿ ಒಂದು ಮೀನಿನ ಟ್ಯಾಂಕ್ ಇತ್ತು. ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಕೂರಿಸಿದ್ದ. ಒಂದು ಮೂಲೆಯಲ್ಲಿ ಗಾಜು ಚಕ್ಕೆ ಎದ್ದಿತ್ತು. ಒಳಗೆ ಒಂದು ಸ್ಪಂಜು ಫಿಲ್ಟರ್. ಒಂದು ಪ್ಲಾಸ್ಟಿಕ್ ಕೊಳವೆಯ ಬುಡಕ್ಕೆ ಸ್ಪಂಜಿನ ಉಂಡೆ, ಮೇಲಿಂದ ಒಂದು ಸಣ್ಣ ಟ್ಯೂಬಿನಲ್ಲಿ ಗಾಳಿ, ಇಷ್ಟೇ. ಗಾಳಿ ಗುಳ್ಳೆಯಾಗಿ ಮೇಲೆ ಹೋಗುತ್ತೆ, ಹೋಗುವಾಗ ನೀರನ್ನು ಸ್ಪಂಜಿನ ಮೂಲಕ ಎಳೆದುಕೊಂಡು ಹೋಗುತ್ತೆ. ಇದೆಲ್ಲ ವೀಣೆ ಮೇಷ್ಟ್ರಿಗೆ ಹೇಗೆ ಗೊತ್ತು ಅಂತ ನೋಡಬೇಡ. ನನ್ನ ತಂಗಿಯ ಮನೆಯಲ್ಲೂ ಒಂದಿದೆ, ಹೋದಾಗಲೆಲ್ಲ ಅವಳ ಗಂಡ ಅದರ ಮುಂದೆ ಕೂರಿಸಿ ಪಾಠ ಹೇಳುತ್ತಾನೆ.

ದರ್ಜಿಯ ಸ್ಪಂಜು ನೋಡುವ ಹಾಗಿರಲಿಲ್ಲ. ಎಷ್ಟು ವರ್ಷದ್ದೋ, ಕಂದು ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿತ್ತು. ಆದರೆ ಮೀನುಗಳು ಮಾತ್ರ ಹೇಗಿದ್ದವು ಅಂತೀಯ, ಉದ್ದ ರೆಕ್ಕೆಯ ಏಂಜೆಲ್ ಮೀನುಗಳು, ಗಾಜಿನ ಹತ್ತಿರ ಬಂದು ಮುಖ ನೋಡುತ್ತಿದ್ದವು. ಎಲೆಯ ಮೇಲೆ ಮೊಟ್ಟೆ ಇಡುತ್ತಿದ್ದವು. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವಲು ಕಾಯುತ್ತಿದ್ದವು.

ಗಡಿಯಾರದವನ ತಾಯಿ ಒಂದು ಸಂಜೆ ಉಪ್ಪಿನಕಾಯಿ ಕೊಡಲೆಂದು ಎದುರುಮನೆಗೆ ಹೋದಳು. ಮೀನು ನೋಡಿದಳು. ಮಾರನೆಯ ದಿನವೂ ಹೋದಳು. ಆಮೇಲೆ ದಿನಾ. ಐದು ಗಂಟೆಗೆ ಹೋದರೆ ಏಳಕ್ಕೆ ಬರುವಳು. ಮೀನುಗಳಿಗೆಲ್ಲ ಹೆಸರಿಟ್ಟಳು. ಒಂದಕ್ಕೆ ತೀರಿಹೋದ ತನ್ನ ನಾದಿನಿಯ ಹೆಸರಿಟ್ಟು, ಅದು ಮೂತಿ ತಿರುಗಿಸಿದಾಗಲೆಲ್ಲ ನಕ್ಕಳು.

ಗಡಿಯಾರದವನು ಆರಕ್ಕೆ ಅಂಗಡಿ ಮುಚ್ಚಿ ಬಂದರೆ ಮನೆ ಬಿಕೋ ಅನ್ನುತ್ತಿತ್ತು. ಫ್ಲಾಸ್ಕಿನಲ್ಲಿ ಕಾಫಿ ಇರುತ್ತಿತ್ತು. ಅದನ್ನು ಕುಡಿಯುತ್ತಾ ಕಿಟಕಿಯಲ್ಲಿ ನೋಡಿದರೆ ಎದುರುಮನೆಯ ಟ್ಯಾಂಕಿನ ದೀಪ, ಅದರ ಬೆಳಕಿನಲ್ಲಿ ತಾಯಿಯ ಮುಖ. ಅವಳ ನಗು ಈಚೆ ಮನೆಗೆ ಕೇಳಿಸುವುದು. ತನ್ನ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಅವನಿಗೆ ನೆನಪಿರಲಿಲ್ಲ. ಇಷ್ಟು ವರ್ಷ ನೋಡಿಕೊಂಡವನು ನಾನು, ನಗು ಮಾತ್ರ ಅವನ ಮನೆಗೆ ಎಂದುಕೊಂಡ. ಉಳಿದ ಕಾಫಿಯನ್ನು ಬಚ್ಚಲಿಗೆ ಚೆಲ್ಲಿದ.

ಹೊಟ್ಟೆಕಿಚ್ಚು ಶುರುವಾಗುವುದು ಹೀಗೇ. ನೀನು ಅಂದುಕೊಂಡ ಹಾಗೆ ಕೆಟ್ಟವರಿಗೆ ಮಾತ್ರ ಬರುವುದಲ್ಲ ಅದು. ಅವನು ತಾಯಿಯನ್ನು ಪ್ರೀತಿಸುತ್ತಿದ್ದ, ಆದ್ದರಿಂದಲೇ ಬಂತು.

ಅವನು ಯೋಚನೆ ಮಾಡಿದ. ತಾಯಿಗೆ ಮೀನು ಬೇಕು ತಾನೇ, ಮನೆಯಲ್ಲೇ ಇಟ್ಟರೆ ಆಯಿತು. ದರ್ಜಿಯದಕ್ಕಿಂತ ಎರಡರಷ್ಟು ದೊಡ್ಡ ಟ್ಯಾಂಕ್ ತಂದ. ಜೊತೆಗೆ ಅದೇ ಥರದ ಸ್ಪಂಜು ಫಿಲ್ಟರ್, ಹೊಚ್ಚ ಹೊಸದು, ತಿಳಿ ನೀಲಿ. ಅಂಗಡಿಯವನು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಂದ.

ಜೋಡಿಸಿದ್ದು ನೋಡಬೇಕಿತ್ತು. ಮರಳನ್ನು ಏಳು ಸಲ ತೊಳೆದ. ನಲ್ಲಿ ನೀರಿನ ಬ್ಲೀಚಿಂಗ್ ವಾಸನೆ ಹೋಗಲಿ ಅಂತ ಬಕೆಟ್ಟುಗಳಲ್ಲಿ ಒಂದು ದಿನ ಹಿಡಿದಿಟ್ಟ. ಹೊಸ ಸ್ಪಂಜಿನಲ್ಲಿ ಗಾಳಿ ಇರುತ್ತೆ, ಹಾಗೇ ಹಾಕಿದರೆ ತೇಲುತ್ತೆ. ಅದನ್ನು ನೀರೊಳಗೇ ಅದುಮಿ ಅದುಮಿ ಗಾಳಿಯೆಲ್ಲ ಹೊರಡಿಸಿ ತಳಕ್ಕೆ ಕೂರಿಸಿದ. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೂಡಿನಲ್ಲಿಟ್ಟ, ಕರೆಂಟು ಹೋದರೆ ನೀರು ಟ್ಯೂಬಿನಲ್ಲಿ ವಾಪಸು ಬಂದು ಪಂಪು ಸೇರಬಾರದಲ್ಲ. ಕೊನೆಗೆ ಕೈಗಡಿಯಾರ ನೋಡಿಕೊಂಡು ನಿಮಿಷಕ್ಕೆ ಎಷ್ಟು ಗುಳ್ಳೆ ಅಂತ ಎಣಿಸಿದ. ಹುಚ್ಚಪ್ಪ. ಆದರೆ ಒಂದೇ ಒಂದು ಕಡೆಯೂ ತಪ್ಪು ಮಾಡಲಿಲ್ಲ.

ನಾಲ್ಕು ಮೀನು ಬಿಟ್ಟ. ತಾಯಿಯ ಸ್ಟೂಲನ್ನು ಟ್ಯಾಂಕಿನ ಮುಂದೆ ಎಳೆದು ಹಾಕಿದ. ತಾಯಿ ಕೂತಳು. ನಾಲ್ಕು ಸಂಜೆ ಎದುರುಮನೆಗೆ ಹೋಗಲಿಲ್ಲ. ಆ ನಾಲ್ಕು ಸಂಜೆ ಅವನು ಅಂಗಡಿ ಅರ್ಧ ಗಂಟೆ ಮೊದಲೇ ಮುಚ್ಚಿ ಬಂದ.

ಐದನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಸಂಜೆಯ ಹೊತ್ತಿಗೆ ನಾಲ್ಕೂ ಸತ್ತವು. ಅವನು ನೀರನ್ನೆಲ್ಲ ಚೆಲ್ಲಿ, ಸ್ಪಂಜನ್ನು ನಲ್ಲಿ ಕೆಳಗೆ ಚೆನ್ನಾಗಿ ತೊಳೆದು, ಮೊದಲಿನಿಂದ ಎಲ್ಲವನ್ನೂ ಜೋಡಿಸಿ ಮತ್ತೆ ನಾಲ್ಕು ತಂದ. ಅವೂ ಆರನೆಯ ದಿನ ಸತ್ತವು. ತಾಯಿ ಬೈಯಲಿಲ್ಲ. ಸಾಯಿಸಲಿಕ್ಕೆ ಅಂತ ಇನ್ನು ಈ ಮನೆಗೆ ಜೀವ ತರಬೇಡಪ್ಪ ಎಂದಳು, ಅಷ್ಟೇ. ಮಾರನೆಯ ಸಂಜೆ ಸ್ಟೂಲನ್ನು ಕಂಕುಳಲ್ಲಿ ಹಿಡಿದುಕೊಂಡು ಎದುರುಮನೆಗೆ ಹೋದಳು. ಬರುವಾಗ ಸ್ಟೂಲನ್ನು ತರಲಿಲ್ಲ. ದಿನಾ ಹೊತ್ತುಕೊಂಡು ಓಡಾಡಲು ಆಗುವುದಿಲ್ಲವಲ್ಲ, ಅಲ್ಲೇ ಬಿಟ್ಟಳು.

ಕಿಟಕಿಯ ಬಳಿ ಸ್ಟೂಲಿದ್ದ ಜಾಗ ಖಾಲಿ ಆಯಿತು. ಅದನ್ನು ನೋಡಿದರೆ ಅವನ ಮೈಯೆಲ್ಲ ಉರಿಯುತ್ತಿತ್ತು. ದರ್ಜಿ ಎದುರಿಗೆ ಸಿಕ್ಕರೆ ನಗುತ್ತಿದ್ದ. ಅವನು ನಕ್ಕದ್ದು ಮೊದಲಿನ ಹಾಗೇ, ಆದರೆ ಇವನಿಗೆ ಅದು ತನ್ನನ್ನು ನೋಡಿ ನಕ್ಕ ಹಾಗೆ ಕಂಡಿತು.

ಕೊನೆಗೆ ಬೇರೆ ದಾರಿ ಇಲ್ಲದೆ, ಒಂದು ಭಾನುವಾರ, ಮರ್ಯಾದೆ ಬದಿಗಿಟ್ಟು ಹೋಗಿ ಕೇಳಿದ. ನಿನ್ನ ಮೀನು ಬದುಕುತ್ತವೆ, ನನ್ನವು ಸಾಯುತ್ತವೆ, ಏನು ಮಾಡುತ್ತೀ ಹೇಳು ಎಂದ. ದರ್ಜಿ ಬಟ್ಟೆ ಕತ್ತರಿಸುವುದನ್ನು ನಿಲ್ಲಿಸಿ ಎದುರುಮನೆಗೆ ಬಂದ. ಟ್ಯಾಂಕನ್ನು ಸುತ್ತಲೂ ನೋಡಿದ. ಸ್ಪಂಜಿನ ವಿಷಯ ಹೇಳಿದ. ಮೀನಿನ ಹೇಲು ಉಚ್ಚೆ ನೀರಿನಲ್ಲಿ ವಿಷವಾಗುತ್ತೆ, ಆ ವಿಷವನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಸ್ಪಂಜಿನ ಕೊಳೆಯಲ್ಲೇ ಮನೆ ಮಾಡುತ್ತವೆ. ಹೊಸ ಸ್ಪಂಜಿನಲ್ಲಿ ಅವು ಇರುವುದಿಲ್ಲ, ಬರಲು ಹೊತ್ತು ಹಿಡಿಯುತ್ತೆ. ನಲ್ಲಿ ನೀರಲ್ಲಿ ತೊಳೆದರೆ ಬ್ಲೀಚಿಂಗಿಗೆ ಅವು ಸತ್ತುಹೋಗುತ್ತವೆ, ಆದ್ದರಿಂದ ಯಾವಾಗಾದರೂ ಟ್ಯಾಂಕಿನ ನೀರಲ್ಲೇ ಅದ್ದಿ ಮೆಲ್ಲಗೆ ಹಿಂಡಬೇಕು. ಇಷ್ಟೆಲ್ಲ ಹೇಳಿ ಕೊನೆಗೆ ಅಂದ:

"ನೀನು ಜೋಡಿಸಿದ್ದರಲ್ಲಿ ಒಂದು ತಪ್ಪೂ ಇಲ್ಲ ಅಣ್ಣ. ಸ್ಪಂಜು ಹೊಸದು, ಅಷ್ಟೇ. ನಲವತ್ತು ದಿನ ಮೀನು ತರಬೇಡ. ನಾನು ನೋಡ್ಕೋತೀನಿ."

ಇಲ್ಲಿಗೆ ಬಂದು ಆಚಾರ್ಯರು ಕತೆ ನಿಲ್ಲಿಸಿದರು. ದರ್ಜಿ ಏನು ಹೇಳಿದ, ಇನ್ನೊಂದು ಸಲ ಹೇಳು ಎಂದು ತಾರಾನಾಥನನ್ನು ಕೇಳಿದರು. ಸ್ಪಂಜು ಹೊಸದು, ನಲವತ್ತು ದಿನ ಮೀನು ತರಬೇಡ ಎಂದ ಅಂತ ತಾರಾನಾಥ ಹೇಳಿದ. ಅಷ್ಟೇನಾ ಎಂದರು. ಅಷ್ಟೇ ಎಂದ.

"ಸರಿ. ಗಡಿಯಾರದವನಿಗೂ ಅಷ್ಟೇ ಕೇಳಿಸಿತ್ತು," ಎಂದು ಆಚಾರ್ಯರು ಮುಂದುವರಿಸಿದರು.

ನಲವತ್ತು ದಿನ ಮೀನಿಲ್ಲದ ನೀರನ್ನು ನೋಡಿಕೊಂಡು ಕೂರು ಅಂತ ಹೇಳಿ ಹೋದನಲ್ಲ ಈ ಮಹಾರಾಯ ಎಂದು ಗಡಿಯಾರದವನಿಗೆ ರೇಗಿತು. ಗುಟ್ಟು ಬಿಟ್ಟುಕೊಡಲಿಲ್ಲ, ಏನೋ ಹೇಳಿ ಸಾಗಹಾಕಿದ ಎಂದುಕೊಂಡ. ತಾಯಿ ತನ್ನ ಮನೆಗೆ ಬರುವುದು ನಿಲ್ಲಬಾರದು ಅಂತ ಹೀಗೆ ಮಾಡುತ್ತಿದ್ದಾನೆ ಎಂದೂ ಅಂದುಕೊಂಡ. ಹೊಟ್ಟೆ ಉರಿಯುತ್ತಿರುವಾಗ ಮನುಷ್ಯ ಎಂಥ ಬುದ್ಧಿವಂತನಾಗುತ್ತಾನೆ ನೋಡು. ಇಲ್ಲದ್ದೆಲ್ಲ ಹೊಳೆಯುತ್ತೆ.

ಮಾರನೆಯ ಸಂಜೆ ತಾಯಿಯನ್ನು ಕರೆಯುವ ನೆಪದಲ್ಲಿ ದರ್ಜಿಯ ಮನೆಗೆ ಹೋದ. ಟ್ಯಾಂಕ್ ನೋಡಿದ. ಹಳೆಯ ಸ್ಪಂಜಿನ ಪಕ್ಕದಲ್ಲಿ ಇನ್ನೊಂದು ಸ್ಪಂಜು ಕೂತಿತ್ತು. ಹೊಸದು, ತಿಳಿ ನೀಲಿ, ಅವನ ಹತ್ತಿರ ಇದ್ದಂಥದೇ. ಎರಡರಿಂದಲೂ ಗುಳ್ಳೆ ಏಳುತ್ತಿದ್ದವು. ಅದೇನು ಅಂತ ತಾಯಿಯನ್ನು ಕೇಳಿದ. ಏನೋ ನಿನ್ನೆ ಹಾಕಿದನಪ್ಪ, ನನಗೇನು ಗೊತ್ತು ಎಂದಳು.

ಅವನಿಗೆ ಎಲ್ಲ ಅರ್ಥವಾಯಿತು. ಅಂದರೆ, ಅರ್ಥವಾಯಿತು ಅಂತ ಅಂದುಕೊಂಡ. ಗುಟ್ಟು ಇದೇ, ಎರಡು ಸ್ಪಂಜು ಬೇಕು. ನನಗೆ ಕಾಯಲು ಹೇಳಿ ತಾನು ಎರಡು ಹಾಕಿಕೊಂಡ. ದರ್ಜಿಯನ್ನು ಕೇಳಬಹುದಿತ್ತು. ಆ ಮನುಷ್ಯ ಅಲ್ಲೇ ಎರಡು ಮಾರು ದೂರದಲ್ಲಿ ಕಾಜಾ ಹೊಲಿಯುತ್ತಾ ಕೂತಿದ್ದ. ಕೇಳಲಿಲ್ಲ. ನಾಲಿಗೆ ಎತ್ತಿದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಆದರೆ ಕೇಳಿದರೆ ಮತ್ತೆ ಕೈಚಾಚಿದ ಹಾಗಾಗುತ್ತೆ ಅಂತ ಬಾಯಿ ಮುಚ್ಚಿಕೊಂಡು ಬಂದ. ನೀವೆಲ್ಲ ಹಾಗೇ. ನನ್ನ ಸಿಟ್ಟಿಗೆ ಹೆದರಿ ಕೇಳುವುದಿಲ್ಲ ಅಂತ ಹೇಳಿಕೊಂಡು ತಿರುಗುತ್ತೀರಿ. ನನ್ನ ಸಿಟ್ಟು ಯಾರನ್ನು ತಿಂದಿದೆ?

ತಾರಾನಾಥ ನೆಲ ನೋಡಿದ. ಆಚಾರ್ಯರು ಒಂದು ಗುಟುಕು ನೀರು ಕುಡಿದರು.

ಹೀಗೇ ಒಂದು ತಿಂಗಳ ಮೇಲಾಯಿತು. ಆ ನೀಲಿ ಸ್ಪಂಜು ದಿನದಿನಕ್ಕೆ ಬಣ್ಣ ತಿರುಗುತ್ತಿತ್ತು. ಮೊದಲು ಬೂದಿ, ಆಮೇಲೆ ಕಂದು. ಗಡಿಯಾರದವನು ದಿನಾ ನೋಡುತ್ತಿದ್ದ. ಅತ್ತ ಅದು ಕಂದಾದಷ್ಟೂ ಇತ್ತ ಇವನು ಕಪ್ಪಗಾದ.

ಮೂವತ್ತೈದನೆಯ ದಿನ ದರ್ಜಿ ಬಂದು ತಂಗಿಯ ಮಗಳ ಮದುವೆಗೆ ಅರಸೀಕೆರೆಗೆ ಹೋಗುತ್ತಿದ್ದೇವೆ, ಬರುವುದು ಐದು ದಿನ ಆಗುತ್ತೆ ಎಂದ. ಬೀಗದ ಕೈ ಕೊಟ್ಟ. ದಿನಕ್ಕೊಮ್ಮೆ ಒಂದು ಚಿಟಿಕೆ ಆಹಾರ ಹಾಕಿದರೆ ಸಾಕು, ಬೇರೇನೂ ಮುಟ್ಟುವುದು ಬೇಡ, ಅಮ್ಮ ಸಂಜೆ ಎಂದಿನ ಹಾಗೆ ಬಂದು ಕೂತುಕೊಳ್ಳಲಿ ಎಂದ. ಊರಲ್ಲಿ ಅಷ್ಟು ಜನ ಇದ್ದರೂ ಬೀಗದ ಕೈ ಕೊಟ್ಟದ್ದು ಇವನ ಕೈಗೆ.

ಮಾರನೆಯ ಬೆಳಿಗ್ಗೆ ಗಡಿಯಾರದವನು ಒಬ್ಬನೇ ಹೋಗಿ ಬಾಗಿಲು ತೆಗೆದ. ಆಹಾರ ಹಾಕಿದ. ಮೀನುಗಳು ಮೇಲೆ ಬಂದು ತಿಂದವು. ನಾದಿನಿಯ ಹೆಸರಿನ ಮೀನು ಅವನ ಬೆರಳಿನ ಹತ್ತಿರ ಬಂದು ನಿಂತಿತು. ಟ್ಯಾಂಕಿನ ಎದುರಿಗೆ ಬೆತ್ತದ ಸ್ಟೂಲಿತ್ತು. ಅವನು ಅದನ್ನು ನೋಡಿದ. ಇವು ಸತ್ತರೆ ಅಮ್ಮ ಮನೆಗೆ ಬರುತ್ತಾಳೆ ಎಂದು ಅವನ ಮನಸ್ಸಿಗೆ ಬಂತು.

ನಲ್ಲಿ ನೀರಲ್ಲಿ ತೊಳೆದರೆ ಏನಾಗುತ್ತೆ ಅಂತ ದರ್ಜಿಯೇ ಹೇಳಿಕೊಟ್ಟಿದ್ದನಲ್ಲ. ಅವನು ಆ ಎರಡನೆಯ ಸ್ಪಂಜನ್ನು ಎತ್ತಿದ. ಗುಟ್ಟು ಅದರಲ್ಲೇ ಇದೆ ಅಂತ ಅವನ ಲೆಕ್ಕ. ಹಳೆಯದನ್ನು ಮುಟ್ಟಲಿಲ್ಲ, ಅದರ ಲೋಳೆ ನೋಡಿಯೇ ಅವನಿಗೆ ಹೇಸಿಗೆ. ಎರಡನೆಯದನ್ನು ಬಚ್ಚಲಿಗೆ ಒಯ್ದು ನಲ್ಲಿ ತಿರುಗಿಸಿ ಹಿಂಡಿದ. ಕಂದು ನೀರು ಹರಿಯಿತು, ಹಸಿಮಣ್ಣಿನ ವಾಸನೆ ಬಂತು. ತಿಳಿನೀರು ಬರುವವರೆಗೂ ಹಿಂಡಿದ. ಅಷ್ಟಕ್ಕೆ ಸಮಾಧಾನವಾಗದೆ ಮನೆಗೆ ಹೋಗಿ ಹಲ್ಲುಚಕ್ರ ಉಜ್ಜುವ ಬ್ರಷ್ಷು ತಂದು ಒಂದೊಂದು ತೂತನ್ನೂ ಉಜ್ಜಿದ. ಸ್ಪಂಜು ಮತ್ತೆ ತಿಳಿ ನೀಲಿ ಆಯಿತು. ಅದನ್ನು ಹಳೆಯದರ ಹಿಂದೆ ಸರಿಸಿ, ಕಾಣದ ಹಾಗೆ ಕೂರಿಸಿ, ಬೀಗ ಹಾಕಿಕೊಂಡು ಬಂದ.

ಆವತ್ತಿನಿಂದ ಕಾದ. ಸಂಜೆ ತಾಯಿಯ ಜೊತೆ ತಾನೂ ಹೋಗಿ ನಿಂತ. ತಾಯಿ ಮೀನು ನೋಡಿದಳು, ಇವನೂ ನೋಡಿದ. ಸಾಯಿರಿ, ಸಾಯಿರಿ ಎಂದು ಒಳಗೊಳಗೇ ಅಂದುಕೊಂಡ. ಎರಡನೆಯ ದಿನವೂ ಏನೂ ಆಗಲಿಲ್ಲ. ಮೂರನೆಯ ದಿನ ತಾಯಿ ಏನನ್ನೋ ನೋಡಿ ನಗುತ್ತಾ ಇವನ ಕೈ ಹಿಡಿದು ಎಳೆದು ತೋರಿಸಿದಳು. ಆಗ ಒಂದು ಗಳಿಗೆ ಅವನಿಗೆ, ಸದ್ಯ, ಬದುಕಿವೆಯಲ್ಲ ಅನ್ನಿಸಿತು. ಆಮೇಲೆ ಆ ಸ್ಟೂಲು ಕಂಡಿತು, ಮತ್ತೆ ಉರಿ ಹತ್ತಿತು. ಮೀನುಗಳು ಸಾಯಲಿಲ್ಲ. ಅವುಗಳ ಜೀವ ಹಳೆಯ ಸ್ಪಂಜಿನ ಕೈಯಲ್ಲಿತ್ತು, ಹೊಸದು ಇದ್ದರೂ ಒಂದೇ ಹೋದರೂ ಒಂದೇ.

ನಲವತ್ತನೆಯ ದಿನದ ಸಂಜೆ ದರ್ಜಿಯ ಸಂಸಾರ ಬಂತು. ಅವನ ಹತ್ತಿರ ಇನ್ನೊಂದು ಬೀಗದ ಕೈ ಇತ್ತು, ತೆಗೆದುಕೊಂಡು ಒಳಗೆ ಹೋದ. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಗಡಿಯಾರದವನ ಬಾಗಿಲು ತಟ್ಟಿದ. ಕೈಯಲ್ಲಿ ಒಂದು ಬಕೆಟ್ಟು, ತುಂಬ ಟ್ಯಾಂಕಿನ ನೀರು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಎರಡು ಮೀನು. ಒಂದು ನಾದಿನಿಯ ಹೆಸರಿನದು, ಇನ್ನೊಂದು ಅದರ ಜೋಡಿ. ಅವನ ಹಿಂದೆ ತಾಯಿ. ಬೆಳಿಗ್ಗೆಯೇ ದರ್ಜಿ ಆಕೆಯನ್ನು ಕರೆದು ವಿಷಯ ಹೇಳಿದ್ದ. ಆಕೆ ಅವನ ಮನೆಯಲ್ಲಿ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಸ್ಟೂಲನ್ನು ಕಂಕುಳಲ್ಲಿ ಹಿಡಿದು, ಮಂಡಿ ನೋವು ಮರೆತು ಗಲ್ಲಿ ದಾಟಿ ಬಂದಿದ್ದಳು. ಇನ್ನು ಮೇಲೆ ಸಂಜೆ ಮಗನಿಗೆ ಬಿಸಿ ಕಾಫಿ ಕೊಡಬಹುದು ಅಂತ ದಾರಿಯಲ್ಲಿ ದರ್ಜಿಗೆ ಹೇಳಿದಳಂತೆ. ಬಂದವಳೇ ಸ್ಟೂಲನ್ನು ಮೀನಿಲ್ಲದ ಟ್ಯಾಂಕಿನ ಮುಂದೆ ಹಾಕಿ ಕೂತಳು.

"ನಲವತ್ತು ದಿನ ಆಯ್ತು ಅಣ್ಣ," ಎಂದ ದರ್ಜಿ. "ನೀನು ಕೇಳಿದ ದಿನವೇ ನಿನ್ನ ಟ್ಯಾಂಕಿಗೆ ಅಂತ ಒಂದು ಹೊಸ ಸ್ಪಂಜು ತಂದು ನಮ್ಮದರಲ್ಲಿ ಹಾಕಿಟ್ಟಿದ್ದೆ. ಹಳೇದರ ಪಕ್ಕ ಇದ್ರೆ ಹೊಸದು ಬೇಗ ಹದಕ್ಕೆ ಬರುತ್ತೆ."

ಗಡಿಯಾರದವನು ಬಕೆಟ್ಟಿನ ಬಳಿಯಿಂದ ಹಿಂದೆ ಸರಿದ. ಗೋಡೆಗೆ ಆತುಕೊಂಡ.

ಬೆಳಗಿನ ಮಬ್ಬಿನಲ್ಲಿ, ದೀಪವನ್ನೂ ಹಾಕದೆ, ಒಣಗಬಾರದೆಂದು ನೀರಿನ ಸಮೇತ ಬಕೆಟ್ಟಿಗೆ ಇಳಿಸಿಕೊಂಡು ಬಂದಿದ್ದ ದರ್ಜಿ ಈಗ ಕೈ ಹಾಕಿ ಸ್ಪಂಜನ್ನು ಮೇಲೆತ್ತಿದ. ಕಿಟಕಿಯ ಬೆಳಕಿಗೆ ಹಿಡಿದ. ತಿಳಿ ನೀಲಿ. ಮೂಗಿನ ಹತ್ತಿರ ತಂದು ಮೂಸಿದ. ಮಣ್ಣಿನ ವಾಸನೆ ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ, ಅಂಗಿ ಉಲ್ಟಾ ಹೊಲಿದುಬಿಟ್ಟೆನೋ ಅಂತ ನೋಡುವ ಹಾಗೆ. ಆಮೇಲೆ ತಲೆ ಎತ್ತಿದ. ಎದುರಿನ ಗೋಡೆಯ ಮೊಳೆಯಲ್ಲಿ ಅವನ ಮನೆಯ ಬೀಗದ ಕೈ ನೇತಾಡುತ್ತಿತ್ತು.

ಈ ಸ್ಪಂಜು ಹಾಕಿ ಇವತ್ತು ಮೀನು ಬಿಟ್ಟರೆ ಉಳಿಯುವುದಿಲ್ಲ, ಮತ್ತೆ ನಲವತ್ತು ದಿನ ನಮ್ಮದರಲ್ಲಿ ಹಾಕಿಡುತ್ತೇನೆ ಅಂತ ಮೆಲ್ಲಗೆ ಹೇಳಿ ಸ್ಪಂಜನ್ನು ಬಕೆಟ್ಟಿಗೆ ಬಿಟ್ಟ. ಮೀನಿನ ಚೀಲ ಎತ್ತಿಕೊಂಡ.

ತಾಯಿ ಎಲ್ಲವನ್ನೂ ನೋಡುತ್ತಾ ಕೂತಿದ್ದಳು. ಸ್ಪಂಜು ನೋಡಿದ್ದಳು, ದರ್ಜಿಯ ಕಣ್ಣು ಹೋದ ಕಡೆ ಮೊಳೆಯನ್ನೂ ನೋಡಿದ್ದಳು. ಮಗನನ್ನು ಕೇಳಿದಳು:

"ಬೀಗದ ಕೈ ಯಾರ ಹತ್ರ ಇತ್ತಪ್ಪ?"

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮಂಡಿಯ ಮೇಲೆ ಕೈ ಊರಿ ಎದ್ದು, ಸ್ಟೂಲನ್ನು ಎತ್ತಿಕೊಂಡು ದರ್ಜಿಯ ಹಿಂದೆ ಗಲ್ಲಿ ದಾಟಿದಳು.

ಆಚಾರ್ಯರು ಕತೆಯನ್ನು ಅಲ್ಲಿಗೆ ಬಿಟ್ಟರು. ಹೊರಗೆ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು. ತಾರಾನಾಥನ ಮುಖದಲ್ಲಿ ಬಣ್ಣವಿರಲಿಲ್ಲ. ಆದರೂ ಕೇಳಿದ, ಆ ತಾಯಿ ಮತ್ತೆ ಮಗನ ಮನೆಯಲ್ಲಿ ಬಂದು ಕೂತಳೇ ಎಂದು. ಅದು ಮಗ ಬಾಯಿ ಬಿಟ್ಟು ಏನು ಹೇಳುತ್ತಾನೆ ಅನ್ನುವುದರ ಮೇಲಿದೆ, ಮುಂದಿನ ನಲವತ್ತು ದಿನ ಇನ್ನೂ ಮುಗಿದಿಲ್ಲ ಎಂದರು ಆಚಾರ್ಯರು.

ತಪ್ಪು ಯಾರದು ಅಂತ ತಾರಾನಾಥ ಮತ್ತೆ ಕೇಳಲಿಲ್ಲ. ಅವನ ಕಣ್ಣು ಒಳಗಿನ ಕೋಣೆಯ ಕಡೆಗೆ ಹೋಯಿತು. ಓರೆಯಾದ ಮೆಟ್ಟಿಲುಗಳ ವೀಣೆ ಅಲ್ಲಿ ಚಾಪೆಯ ಮೇಲೆ ಮಲಗಿತ್ತು. ಆಚಾರ್ಯರು ಪಕ್ಕದಲ್ಲಿದ್ದ ಮೇಣದ ಉಂಡೆಯನ್ನು ಅವನ ಮುಂದಕ್ಕೆ ತಳ್ಳಿದರು.

"ಏಳು, ನಿನಗೇ ತರಿಸಿದ ವೀಣೆಗೆ ನೀನೇ ಮೆಟ್ಟಿಲು ಕೂರಿಸಿ, ಹದಕ್ಕೆ ಬರಲು ಉಳಿದ ಎರಡು ತಿಂಗಳಿಗೆ ವಾರಿಜಳ ಕೈಗೆ ಕೊಟ್ಟು ಬಾ."